ಕಲಾವಿದ ಹೋದರೂ ಪರದೆ ಏಳಲೇಬೇಕು: ಗುಬ್ಬಿ ವೀರಣ್ಣನವರು ತಂಡ ಕಟ್ಟಿದ ಕಥೆ

ಹೊಸಕೆರೆಹಳ್ಳಿ: ಐಪಿಎಲ್ ಹರಾಜು ಬಂತು ಅಂದ್ರೆ ಹೊಸಕೆರೆಹಳ್ಳಿ ಕ್ರಾಸ್‌ನಿಂದ ಕತ್ರಿಗುಪ್ಪೆವರೆಗೂ ಟೀ ಅಂಗಡಿ, ಬೇಕರಿ, ಕಟಿಂಗ್ ಶಾಪ್ ಮುಂದೆ ಒಂದೇ ಮಾತು. ಆರ್‌ಸಿಬಿ ಯಾರನ್ನ ಉಳಿಸಿಕೊಳ್ತು, ಯಾರನ್ನ ಬಿಡ್ತು ಅನ್ನೋದು. 2018ರಲ್ಲಿ ಕೆ.ಎಲ್. ರಾಹುಲ್, ಕ್ರಿಸ್ ಗೇಲ್ ಇಬ್ಬರೂ ಬೇರೆ ತಂಡಕ್ಕೆ ಹೋದಾಗ ಆದ ಬೇಜಾರು ಇನ್ನೂ ಕೆಲವರಿಗೆ ಹೋಗಿಲ್ಲ. ಕಬಡ್ಡಿ ಲೀಗ್, ಹಾಕಿ ಲೀಗ್‌ನಲ್ಲೂ ಇದೇ ಕಥೆ. ಆಟಗಾರನನ್ನ ಬಿಟ್ಟರೆ ಜನ ಬೈಯೋದು ಮಾಲೀಕನನ್ನೇ. ಬಿಡದೆ ಇಟ್ಟುಕೊಂಡು ಸೋತರೂ ಬೈಯೋದು ಮಾಲೀಕನನ್ನೇ.

ಮಾಲೀಕ ಏನು ಲೆಕ್ಕ ಹಾಕ್ತಾನೆ ಅನ್ನೋದು ಅಂಗಡಿ ಇಟ್ಟವರಿಗೆ ಸ್ವಲ್ಪ ಅರ್ಥ ಆಗುತ್ತೆ. ಹತ್ತು ವರ್ಷ ಗಲ್ಲಾದಲ್ಲಿ ಕೂತ ಹುಡುಗ ಪಕ್ಕದ ರಸ್ತೆಯಲ್ಲಿ ತನ್ನದೇ ಅಂಗಡಿ ತೆಗೆದಾಗ, ಅವನ ಹಿಂದೆ ನಾಲ್ಕು ಗಿರಾಕಿಗಳೂ ಹೋದಾಗ, ಮಾರನೇ ದಿನ ಶಟರ್ ಎತ್ತಲೇಬೇಕಲ್ಲ!

ಕರ್ನಾಟಕದಲ್ಲಿ ಈ ಲೆಕ್ಕವನ್ನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದಿನಾ ರಾತ್ರಿ ಹಾಕಿದ ಒಬ್ಬ ಯಜಮಾನರಿದ್ದರು. ಅವರ ತಂಡ ಆಡಿದ್ದು ಮೈದಾನದಲ್ಲಲ್ಲ, ರಂಗದ ಮೇಲೆ. ಅವರೇ ಗುಬ್ಬಿ ವೀರಣ್ಣ.

ಆರನೇ ವಯಸ್ಸಿಗೂ ಮುಂಚೆ ಬಣ್ಣ

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣ ಮತ್ತು ಅವರ ಗೆಳೆಯರು ಸೇರಿ ಒಂದು ನಾಟಕ ತಂಡ ಕಟ್ಟಿದರು. ಊರ ದೇವರು ಚನ್ನಬಸವೇಶ್ವರ ಸ್ವಾಮಿಯ ಹೆಸರನ್ನೇ ತಂಡಕ್ಕೆ ಇಟ್ಟರು. ಆಗ ಅದು ಊರಿನ ಉತ್ಸಾಹಿಗಳ ಕೂಟ, ಅಷ್ಟೇ. ಇವತ್ತು ನಮ್ಮ ಕಡೆ ಊರಹಬ್ಬಕ್ಕೆ ಕುರುಕ್ಷೇತ್ರ ಆಡೋಕೆ ಹತ್ತಾರು ಜನ ಸೇರ್ತಾರಲ್ಲ, ಹಂಗೆ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ತಂದೆ ಹಂಪಣ್ಣ. ಐದಾರು ವರ್ಷದ ಹುಡುಗನಾಗಿದ್ದಾಗಲೇ ಕಂಪನಿ ಸೇರಿ ಬಾಲಪಾರ್ಟು ಮಾಡೋಕೆ ಶುರು ಮಾಡಿದರು. ಶಾಲೆಯ ಓದಿಗಿಂತ ರಂಗದ ಪಾಠವೇ ಜಾಸ್ತಿ ಆಯ್ತು. ಹಾರ್ಮೋನಿಯಂ, ತಬಲ, ಪರದೆ ಎಳೆಯೋದು, ಮಾತು ಬಾಯಿಪಾಠ ಮಾಡೋದು ಎಲ್ಲವೂ ಕಣ್ಣ ಮುಂದೆಯೇ ನಡೀತಿತ್ತು. ಯಾವ ನಟ ಬಂದರೆ ಜನ ನೆಟ್ಟಗೆ ಕೂರ್ತಾರೆ, ಯಾರು ಬಂದರೆ ಬೀಡಿ ಸೇದೋಕೆ ಎದ್ದು ಹೋಗ್ತಾರೆ ಅನ್ನೋದನ್ನ ಪಕ್ಕದ ಪರದೆ ಸಂದಿಯಿಂದ ನೋಡುತ್ತಲೇ ಬೆಳೆದ ಹುಡುಗ.

1917ರಲ್ಲಿ ಕಂಪನಿಯ ಹೊಣೆ ಪೂರ್ತಿ ವೀರಣ್ಣನವರ ಹೆಗಲಿಗೆ ಬಂತು. ಆಗ ವಯಸ್ಸು 26. ಅವತ್ತಿನವರೆಗೆ ಪಾರ್ಟು ಸಿಕ್ಕಿದರೆ ಸಾಕು ಅಂತಿದ್ದ ನಟ, ಅವತ್ತಿನಿಂದ ಪಾರ್ಟು ಹಂಚೋ ಯಜಮಾನ ಆದರು.

ಕಂಪನಿ ಅಂದ್ರೆ ಏನು

ಈಗಿನ ಹುಡುಗರಿಗೆ ನಾಟಕ ಕಂಪನಿ ಅಂದ್ರೆ ಏನು ಅಂತ ಗೊತ್ತಿರೋದು ಕಷ್ಟ. ಸಿನಿಮಾ ಇಲ್ಲ, ಟಿವಿ ಇಲ್ಲ, ಮೊಬೈಲ್ ಇಲ್ಲ. ಒಂದು ಊರಿಗೆ ಕಂಪನಿ ಬಂತು ಅಂದ್ರೆ ತಗಡು, ಬಿದಿರು, ಚಾಪೆ, ಪರದೆ ಎಲ್ಲ ಗಾಡಿಗಳಲ್ಲಿ ಬಂದು ಇಳಿಯೋದು. ಊರಾಚೆ ಥಿಯೇಟರ್ ಎದ್ದು ನಿಲ್ಲೋದು. ನೆಲ, ಬೆಂಚು, ಕುರ್ಚಿ ಅಂತ ಟಿಕೆಟ್. ಹೆಂಗಸರಿಗೆ ಬೇರೆ ಜಾಗ. ಬೆಳಿಗ್ಗೆ ಜಟಕಾದಲ್ಲಿ ಬ್ಯಾಂಡು ಬಾರಿಸಿಕೊಂಡು ಹ್ಯಾಂಡ್‌ಬಿಲ್ ಹಂಚೋದು. ರಾತ್ರಿ ಊಟ ಮುಗಿದ ಮೇಲೆ ಶುರುವಾದ ನಾಟಕ ಬೆಳಗಿನ ಜಾವದವರೆಗೂ ನಡೆಯೋದು.

ಕ್ಯಾಂಪು ಚೆನ್ನಾಗಿ ಹೋದರೆ ತಿಂಗಳುಗಟ್ಟಲೆ ಅಲ್ಲೇ. ಆಗ ಊರಿನ ಅಂಗಡಿಗಳಿಗೂ ಹಬ್ಬ. ಬೀಡಾ, ಸೋಡಾ, ಕಡಲೆಪುರಿ, ಹೋಟೆಲು ಎಲ್ಲ ವ್ಯಾಪಾರವೂ ಜೋರು. ಕಂಪನಿಯ ಅಡುಗೆಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಡೋ ದಿನಸಿ ಅಂಗಡಿಯವರಿಗೆ ದೊಡ್ಡ ಗಿರಾಕಿ ಸಿಕ್ಕಿದಂಗೆ. ಆದರೆ ಮಳೆ ಹಿಡಿದುಕೊಂಡು ನಾಲ್ಕು ದಿನ ಆಟ ನಿಂತರೆ, ಆ ಉದ್ರಿ ಪುಸ್ತಕವೂ ಉದ್ದ ಆಗ್ತಾ ಹೋಗೋದು.

ಒಂದು ದೊಡ್ಡ ಕಂಪನಿ ಅಂದ್ರೆ ನಟರು, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಬಣ್ಣ ಬಳಿಯೋರು, ಪರದೆ ಬರೆಯೋರು, ಬಡಗಿಗಳು, ಅಡುಗೆಯವರು, ಅವರ ಹೆಂಡತಿ ಮಕ್ಕಳು, ಒಟ್ಟಿನಲ್ಲಿ ಒಂದು ಚಿಕ್ಕ ಊರು. ಅಷ್ಟೂ ಜನರ ಅನ್ನ ಅವತ್ತಿನ ರಾತ್ರಿಯ ಕಲೆಕ್ಷನ್ ಮೇಲೆ. ಕಲೆಕ್ಷನ್ ನಿಂತಿದ್ದು ರಾಜಾಪಾರ್ಟು, ಸ್ತ್ರೀಪಾರ್ಟು, ಹಾಸ್ಯಪಾರ್ಟು ಮಾಡೋ ಮೂರ್ನಾಲ್ಕು ಜನರ ಮೇಲೆ.

ಇಲ್ಲೇ ಯಜಮಾನನಿಗೆ ತಲೆನೋವು. ಆ ಮೂರ್ನಾಲ್ಕು ಜನಕ್ಕೂ ತಮ್ಮ ಬೆಲೆ ಗೊತ್ತು. ಬೇರೆ ಕಂಪನಿಯವರಿಗೂ ಗೊತ್ತು. ಮೈಸೂರು ಸೀಮೆಯಲ್ಲಿ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಹೆಸರುವಾಸಿಯಾಗಿತ್ತು. ಆಮೇಲೆ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ, ಮಹಮದ್ ಪೀರರ ಕಂಪನಿ ಬಂದವು. ಒಳ್ಳೇ ಗಂಟಲಿರೋ ನಟನಿಗೆ ಹೋಗೋಕೆ ಜಾಗ ಇರ್ತಾ ಇತ್ತು. ಮುಂಗಡ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು, ಟ್ರಂಕು ಎತ್ತಿಕೊಂಡು ಹೊರಟೇಬಿಡೋರು. ಹರಾಜಿಗೆ ಸುತ್ತಿಗೆ ಇರಲಿಲ್ಲ ಅಷ್ಟೇ. ಮಿಕ್ಕಿದ್ದೆಲ್ಲ ಆಗಲೂ ಇತ್ತು.

ಜನರ ತೀರ್ಪು ಅಲ್ಲೇ, ಆಗಲೇ

ಈಗ ಅಭಿಮಾನಿಗಳು ಮೊಬೈಲ್‌ನಲ್ಲಿ ಬೈತಾರೆ. ಆಗ ಎದುರಿಗೇ ಬೈಯೋರು. ಹಾಡು ಹಿಡಿಸಿದರೆ ವನ್ಸ್ ಮೋರ್ ಅಂತ ಕೂಗು. ಯುದ್ಧದ ಮಧ್ಯೆ ಸತ್ತು ಬಿದ್ದ ರಾಜನೂ ಎದ್ದು ಮತ್ತೆ ಹಾಡಬೇಕು. ಹಿಡಿಸದಿದ್ದರೆ ಸಿಳ್ಳೆ, ಕೂಗಾಟ, ಬೆಂಚು ಬಡಿಯೋದು. ಒಂದು ಪಾರ್ಟಿಗೆ ಜನ ಒಬ್ಬ ನಟನನ್ನ ಒಪ್ಪಿಕೊಂಡ ಮೇಲೆ ಆ ಜಾಗಕ್ಕೆ ಹೊಸಬ ಬಂದು ನಿಂತರೆ, ಅವನು ಬಾಯಿ ಬಿಡೋಕೆ ಮುಂಚೆಯೇ ಗುಸುಗುಸು ಶುರು.

ಮೈಕ್ ಇಲ್ಲದ ಕಾಲ ಬೇರೆ. ಹಿಂದಿನ ನೆಲದ ಸಾಲಿಗೂ ಮಾತು ಕೇಳಬೇಕು. ಗಂಟಲು ಕೆಟ್ಟರೆ ನಟನ ಬಾಳೇ ಕೆಟ್ಟಂಗೆ. ಸ್ತ್ರೀಪಾರ್ಟು ಮಾಡ್ತಿದ್ದ ಹುಡುಗರ ಕಥೆ ಇನ್ನೂ ಕಷ್ಟ. ಹದಿನಾಲ್ಕು ಹದಿನೈದು ವರ್ಷಕ್ಕೆ ಧ್ವನಿ ಒಡೆಯೋದು, ಮೀಸೆ ಚಿಗುರೋದು. ನಿನ್ನೆವರೆಗೂ ಊರಿಗೆ ಊರೇ ಮೆಚ್ಚಿಕೊಂಡಿದ್ದ ದ್ರೌಪದಿಯನ್ನ ಇವತ್ತು ಬದಲಾಯಿಸಲೇಬೇಕು. ಹುಡುಗನಿಗೆ ಅವಮಾನ, ಜನರಿಗೆ ಬೇಜಾರು. ಎರಡನ್ನೂ ಯಜಮಾನನೇ ತಡ್ಕೋಬೇಕು.

ವೀರಣ್ಣನವರು ಈ ಕಷ್ಟಕ್ಕೆ ಕಂಡುಕೊಂಡ ದಾರಿಗಳನ್ನ ಅವರು ಮಾಡಿದ ಕೆಲಸಗಳಲ್ಲೇ ನೋಡಬಹುದು.

ಮೊದಲನೇ ದಾರಿ: ತಾನೇ ಆಡಿ ತೋರಿಸೋದು

ವೀರಣ್ಣನವರು ರಾಜಾಪಾರ್ಟಿನ ನಟ ಅಲ್ಲ, ಹಾಸ್ಯದ ನಟ. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' ನಾಟಕದಲ್ಲಿ ಅವರು ಮಾಡ್ತಿದ್ದ ಕಳ್ಳನ ಪಾರ್ಟು ಹಳೇ ಮೈಸೂರು ಸೀಮೆಯಲ್ಲಿ ಮನೆಮಾತಾಗಿತ್ತು. ನಾಟಕದ ಹೆಸರು ರಾಣಿಯದು. ಆದರೆ ಬಂಡಿ ಕಟ್ಟಿಕೊಂಡು ಜನ ಬರ್ತಿದ್ದಿದ್ದು ಕಳ್ಳನನ್ನ ನೋಡೋಕೆ.

ಇದರಲ್ಲಿ ವ್ಯಾಪಾರದ ಜಾಣತನವೂ ಇತ್ತು. ಕಂಪನಿಯ ದೊಡ್ಡ ಆಕರ್ಷಣೆ ಯಜಮಾನನೇ ಆಗಿದ್ದರೆ ಅವನನ್ನ ಯಾರೂ ಮುಂಗಡ ಕೊಟ್ಟು ಎಳ್ಕೊಂಡು ಹೋಗೋಕಾಗಲ್ಲ. ರಾಜಾಪಾರ್ಟಿನವನು ಮುನಿಸಿಕೊಂಡು ಹೋದರೂ ಅವತ್ತಿನ ರಾತ್ರಿ ಕಳ್ಳ ಇದ್ದೇ ಇರ್ತಾನೆ.

ಅಷ್ಟೇ ದೊಡ್ಡ ತೊಂದರೆಯೂ ಇದರಲ್ಲಿತ್ತು. ಜನ ಆ ಪಾರ್ಟಿಗೆ ಬೇರೆಯವರನ್ನ ಒಪ್ಪೋದು ಕಷ್ಟ ಆಯ್ತು. ವೀರಣ್ಣನವರು ದಶಕಗಳ ಕಾಲ ಕಳ್ಳನಾಗಿಯೇ ರಂಗಕ್ಕೆ ಬರಬೇಕಾಯ್ತು. ಎಲ್ಲರ ಪಾರ್ಟನ್ನೂ ಬದಲಾಯಿಸೋ ಅಧಿಕಾರ ಇದ್ದ ಯಜಮಾನನಿಗೆ ತನ್ನ ಪಾರ್ಟು ಬದಲಾಯಿಸೋದು ಮಾತ್ರ ಸುಲಭ ಇರಲಿಲ್ಲ.

ಎರಡನೇ ದಾರಿ: ಹೆಣ್ಣಿನ ಪಾರ್ಟಿಗೆ ಹೆಣ್ಣು

ಉತ್ತರ ಕರ್ನಾಟಕದ ಕಡೆ ಹೆಣ್ಣುಮಕ್ಕಳು ಕಂಪನಿ ನಾಟಕಕ್ಕೆ ಮೊದಲೇ ಬಂದಿದ್ದರು. ಹಳೇ ಮೈಸೂರಿನಲ್ಲಿ ಮಾತ್ರ ಗಂಡಸರೇ ಸೀರೆ ಉಟ್ಟು ನಿಲ್ಲೋದು ವಾಡಿಕೆ. ಸ್ತ್ರೀಪಾರ್ಟಿನಲ್ಲಿ ಪಳಗಿದ ಗಂಡಸರಿಗೆ ಅವರದೇ ಅಭಿಮಾನಿಗಳಿದ್ದರು. ಅವರ ನಡಿಗೆ, ಅವರ ಸೆರಗು ಹೊದೆಯೋ ರೀತಿ ನೋಡಿ ಊರಿನ ಹೆಂಗಸರೇ ಬೆರಗಾಗೋರು ಅನ್ನೋ ಮಾತು ಆ ಕಾಲದ್ದು.

ಅಂಥ ಕಡೆ ವೀರಣ್ಣನವರ ಕಂಪನಿ ಹೆಣ್ಣುಮಕ್ಕಳನ್ನ ರಂಗಕ್ಕೆ ತಂತು. ಈ ಸೀಮೆಯ ದೊಡ್ಡ ಕಂಪನಿಗಳಲ್ಲಿ ಇಂಥ ಹೆಜ್ಜೆ ಇಟ್ಟವರಲ್ಲಿ ಅವರೇ ಮುಂದು. ಇದು ಒಬ್ಬ ನಟನನ್ನ ತೆಗೆದು ಇನ್ನೊಬ್ಬನನ್ನ ಹಾಕಿದಂಗಲ್ಲ. ಇಡೀ ಒಂದು ಬಗೆಯ ಕಲಾವಿದರ ಜಾಗವನ್ನೇ ಬದಲಾಯಿಸಿದಂಗೆ. ಮರ್ಯಾದಸ್ಥರ ಮನೆ ಹೆಣ್ಣು ಬಣ್ಣ ಹಚ್ಚಬಾರದು ಅನ್ನೋ ಕಾಲ. ನಾಟಕ ನೋಡೋಕೆ ಬರೋ ಜನರೇ ನಟಿಯರ ಬಗ್ಗೆ ಹಗುರವಾಗಿ ಮಾತಾಡೋರು. ತಪ್ಪಿದ್ದರೆ ಕಂಪನಿಯ ಹೆಸರಿಗೇ ಪೆಟ್ಟು ಬೀಳೋದು, ಹೆಂಗಸರ ಸಾಲು ಖಾಲಿ ಆಗೋದು.

ಆದರೆ ಹಾಗಾಗಲಿಲ್ಲ. ಬಿ. ಜಯಮ್ಮ ಕಂಪನಿಯ ದೊಡ್ಡ ನಟಿಯಾಗಿ ಬೆಳೆದರು. 1915ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅವರು ವೀರಣ್ಣನವರ ಬಾಳಸಂಗಾತಿಯೂ ಆದರು. ಹಾಡು, ಅಭಿನಯ ಎರಡರಲ್ಲೂ ಹೆಸರು ಮಾಡಿ ಕನ್ನಡ, ತೆಲುಗು, ತಮಿಳು ಸಿನಿಮಾಗಳಿಗೂ ಹೋದರು. ನಟಿಯರ ಬಗ್ಗೆ ಊರು ಆಡೋ ಮಾತು ಇನ್ನು ಮುಂದೆ ಯಜಮಾನನ ಮನೆಗೂ ತಾಗೋದು. ಆ ಮಾತಿಗೆ ಹೆದರಿ ವೀರಣ್ಣ ಹಿಂದೆ ಸರಿಯಲಿಲ್ಲ.

ಸೀರೆ ಉಟ್ಟು ಹೆಸರು ಮಾಡಿದ್ದ ಗಂಡಸರ ಗತಿ ಏನಾಯ್ತು ಅನ್ನೋ ಪ್ರಶ್ನೆಯನ್ನೂ ಮರೆಯೋ ಹಾಗಿಲ್ಲ. ಈ ಬದಲಾವಣೆ ಎಲ್ಲ ಕಂಪನಿಗಳಿಗೂ ಹಬ್ಬಿದ ಮೇಲೆ ಕೆಲವರು ಗಂಡು ಪಾರ್ಟಿಗೆ ಹೊರಳಿದರು, ಕೆಲವರು ಹಿನ್ನೆಲೆಗೆ ಸರಿದರು. ತಂಡ ಗೆದ್ದಾಗಲೂ ಬೆಂಚಿನ ಮೇಲೆ ಕೂತ ಆಟಗಾರನೊಬ್ಬ ಇದ್ದೇ ಇರ್ತಾನೆ. ಅವನ ಲೆಕ್ಕವನ್ನ ಗೆಲುವಿನ ಸುದ್ದಿಯಲ್ಲಿ ಯಾರೂ ಬರೆಯಲ್ಲ.

ಮೂರನೇ ದಾರಿ: ಆನೆ, ಕುದುರೆ, ಕುರುಕ್ಷೇತ್ರ

1934ರಲ್ಲಿ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕ ಆಡಿತು. ಬರೆದವರು ಬಿ. ಪುಟ್ಟಸ್ವಾಮಯ್ಯ. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ, ರಥ! ಜನ ದಂಗಾಗಿ ಹೋದರು. ಗಾಡಿ ಕಟ್ಟಿಕೊಂಡು ಹತ್ತಾರು ಮೈಲಿಯಿಂದ ಬಂದರು. ಇವತ್ತಿಗೂ ಗುಬ್ಬಿ ಕಂಪನಿ ಅಂದ ತಕ್ಷಣ ಹಳಬರ ಬಾಯಲ್ಲಿ ಬರೋದು ಆನೆ ಕುದುರೆ ಮಾತೇ.

ಇದನ್ನ ಬರೀ ಆಡಂಬರ ಅಂತ ತಳ್ಳಿಹಾಕೋದು ಸುಲಭ. ಆದರೆ ಯಜಮಾನನ ಕಣ್ಣಿನಿಂದ ನೋಡಿದರೆ ಇದಕ್ಕೆ ಬೇರೆ ಅರ್ಥವೂ ಇದೆ. ಕುರುಕ್ಷೇತ್ರದಲ್ಲಿ ಒಬ್ಬ ನಾಯಕ ಅಂತಿಲ್ಲ. ಕೃಷ್ಣ, ಅರ್ಜುನ, ಭೀಮ, ಕರ್ಣ, ದುರ್ಯೋಧನ, ಶಕುನಿ, ದ್ರೌಪದಿ, ಎಲ್ಲರಿಗೂ ದೊಡ್ಡ ದೃಶ್ಯ ಇದೆ. ಇಷ್ಟು ಜನ ಇರೋ ನಾಟಕದಲ್ಲಿ ಒಬ್ಬ ಹೋದರೆ ಇನ್ನೊಬ್ಬನನ್ನ ನಿಲ್ಲಿಸಬಹುದು. ಜನ ಒಬ್ಬ ನಟನ ಹೆಸರು ಹೇಳಿ ಟಿಕೆಟ್ ಕೇಳೋ ಬದಲು ನಾಟಕದ ಹೆಸರು ಹೇಳಿ ಕೇಳ್ತಾರೆ. ನಕ್ಷತ್ರ ಆಟಗಾರನ ಮೇಲೆ ತಂಡ ನಿಲ್ಲಬಾರದು, ಜೆರ್ಸಿಯ ಮೇಲೆ ನಿಲ್ಲಬೇಕು ಅಂತ ಈಗಿನ ಮಾಲೀಕರು ಹೇಳ್ತಾರಲ್ಲ, ಆ ಕೆಲಸವನ್ನ ಆ ಆನೆಗಳು ಮಾಡಿದವು.

ಖರ್ಚು ಮಾತ್ರ ಆನೆಯಷ್ಟೇ ಇತ್ತು. ಆನೆಗೆ ಮೇವು, ಕುದುರೆಗೆ ಹುರುಳಿ, ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸೋದು. ಒಂದು ಕ್ಯಾಂಪು ಕೈ ಕೊಟ್ಟರೂ ಸಾಲ. ವೀರಣ್ಣನವರು ಹಣ ಕಂಡಿದ್ದೂ ಹೌದು, ಸಾಲ ಕಂಡಿದ್ದೂ ಹೌದು. ಬಂದಿದ್ದನ್ನ ಮತ್ತೆ ರಂಗಕ್ಕೇ ಸುರಿಯೋದು ಅವರ ಜಾಯಮಾನ.

ನಾಲ್ಕನೇ ದಾರಿ: ಮಕ್ಕಳನ್ನ ಬೆಳೆಸೋದು

ಹೊರಗಿನಿಂದ ದುಡ್ಡು ಕೊಟ್ಟು ತರೋದಕ್ಕಿಂತ ಮನೆಯಲ್ಲೇ ಬೆಳೆಸೋದು ಮೇಲು ಅನ್ನೋದು ವೀರಣ್ಣನವರ ಕಂಪನಿಯ ದೊಡ್ಡ ಬಲ. ತಾವೇ ಬಾಲನಟರಾಗಿ ಬಂದವರಲ್ವಾ! ಕಂಪನಿಯಲ್ಲಿ ಯಾವಾಗಲೂ ಹುಡುಗರ ದಂಡು ಇರ್ತಾ ಇತ್ತು. ಅವರಿಗೆ ಊಟ, ಬಟ್ಟೆ, ಸಂಗೀತ, ಮಾತು, ಕುಣಿತ. ಬಾಲಪಾರ್ಟಿನಿಂದ ಶುರು. ದೊಡ್ಡವರ ಪಾರ್ಟನ್ನ ದಿನಾ ಕೇಳಿ ಕೇಳಿ ಬಾಯಿಪಾಠ. ಒಂದು ರಾತ್ರಿ ದೊಡ್ಡ ನಟನಿಗೆ ಜ್ವರ ಬಂದರೆ ಚಿಕ್ಕವನಿಗೆ ಅದೃಷ್ಟ ಖುಲಾಯಿಸಿದಂಗೆ.

ಈ ಗರಡಿಯಿಂದ ಬಂದವರ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ.

ನಂಜನಗೂಡು ಕಡೆಯ ಜಿ.ವಿ. ಅಯ್ಯರ್ ಚಿಕ್ಕ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದರು. ಮುಂದೆ ಸಂಸ್ಕೃತದಲ್ಲಿ 'ಆದಿ ಶಂಕರಾಚಾರ್ಯ' ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ತಂದರು. ಹೊನ್ನಪ್ಪ ಭಾಗವತರ್ ಇಲ್ಲಿ ಹಾಡಿ ನಟಿಸಿ ಸಿನಿಮಾಗೆ ಹೋದರು. ತಿಪಟೂರಿನ ನರಸಿಂಹರಾಜು, ಹಾಸ್ಯ ಮತ್ತು ಖಳ ಪಾತ್ರಗಳ ಟಿ.ಎನ್. ಬಾಲಕೃಷ್ಣ ಕೂಡ ಈ ಕಂಪನಿಯಲ್ಲಿ ಪಳಗಿದವರೇ.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕಂಪನಿಯ ಹೆಸರಾಂತ ನಟ. ಹಿರಣ್ಯಕಶಿಪು, ರಾವಣನಂಥ ಪಾರ್ಟುಗಳಲ್ಲಿ ಅಬ್ಬರಿಸೋರು. ಅವರ ಮಗ ಮುತ್ತುರಾಜ ಚಿಕ್ಕಂದಿನಲ್ಲೇ ಕಂಪನಿಯ ಅನ್ನ ತಿಂದು ಬೆಳೆದ. ಆ ಮುತ್ತುರಾಜನೇ ಡಾ. ರಾಜ್‌ಕುಮಾರ್.

ಬಿ.ವಿ. ಕಾರಂತರ ಕಥೆ ಇನ್ನೊಂದು ಥರ. ದಕ್ಷಿಣ ಕನ್ನಡದ ಬಂಟ್ವಾಳ ಕಡೆಯ ಹುಡುಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಹುಡುಗನಲ್ಲಿ ಏನೋ ಇದೆ ಅಂತ ಕಂಡ ವೀರಣ್ಣನವರು ಅವನನ್ನ ಕಂಪನಿಯಲ್ಲೇ ಕಟ್ಟಿಹಾಕಲಿಲ್ಲ. ಓದೋಕೆ ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಮುಗಿಸಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾಗಿದ್ದು ಅವರ ಕೈಯಲ್ಲೇ. ಒಳ್ಳೇ ಹುಡುಗನನ್ನ ಇಟ್ಟುಕೊಂಡರೆ ಕಂಪನಿಗೆ ಲಾಭ, ಕಳಿಸಿದರೆ ಹುಡುಗನಿಗೆ ಲಾಭ. ಅಲ್ಲಿ ವೀರಣ್ಣ ಕಳಿಸೋದನ್ನೇ ಆರಿಸಿಕೊಂಡರು.

ತಂಡವನ್ನೇ ಖಾಲಿ ಮಾಡಿದ ಗೆಲುವು

ಸಿನಿಮಾ ಬರ್ತಾ ಇದೆ, ನಾಟಕಕ್ಕೆ ಪೆಟ್ಟು ಬೀಳುತ್ತೆ ಅನ್ನೋದು ವೀರಣ್ಣನವರಿಗೆ ಬೇಗ ಅರ್ಥ ಆಗಿತ್ತು. ಅದಕ್ಕೇ ಮೂಕಿ ಚಿತ್ರಗಳ ಕಾಲದಲ್ಲೇ ಆ ಕಡೆ ಕೈ ಹಾಕಿದರು. 'ಹರಿಮಾಯಾ' ಅವರ ಮೂಕಿ ಚಿತ್ರಗಳಲ್ಲಿ ಒಂದು. ಆ ಉದ್ಯಮ ಹೆಚ್ಚು ದಿನ ನಡೆಯಲಿಲ್ಲ. ಆದರೂ ಬಿಡಲಿಲ್ಲ. ಮಾತಿನ ಚಿತ್ರ ಬಂದ ಮೇಲೆ 'ಸುಭದ್ರಾ' (1941), 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ', 'ಗುಣಸಾಗರಿ' (1953) ಅಂತ ಒಂದೊಂದೇ ತೆಗೆದರು. ಬೆಂಗಳೂರಿನಲ್ಲಿ ಥಿಯೇಟರ್‌ಗಳನ್ನೂ ಕಟ್ಟಿಸಿದರು.

1954ರಲ್ಲಿ ಬಂದಿದ್ದು 'ಬೇಡರ ಕಣ್ಣಪ್ಪ'. ಕಂಪನಿಯಲ್ಲಿ ಆಡ್ತಿದ್ದ ನಾಟಕವೇ ಸಿನಿಮಾ ಆಯ್ತು. ನಿರ್ದೇಶನ ಎಚ್.ಎಲ್.ಎನ್. ಸಿಂಹ. ನಾಯಕ ಮುತ್ತುರಾಜನಿಗೆ ರಾಜ್‌ಕುಮಾರ್ ಅನ್ನೋ ಹೊಸ ಹೆಸರು. ಜೊತೆಗೆ ಪಂಢರಿಬಾಯಿ, ನರಸಿಂಹರಾಜು, ಜಿ.ವಿ. ಅಯ್ಯರ್. ಚಿತ್ರ ಭರ್ಜರಿಯಾಗಿ ಓಡಿತು. ಕನ್ನಡದ ಜನಕ್ಕೆ ತಮ್ಮದೇ ಒಬ್ಬ ನಾಯಕ ಸಿಕ್ಕಿದ.

ಕಂಪನಿಗೆ ಮಾತ್ರ ಇದು ಸಿಹಿ ಕಹಿ ಎರಡೂ. ರಂಗದ ಮೇಲೆ ಬೆಳೆದ ಒಳ್ಳೊಳ್ಳೇ ಹುಡುಗರು ಈಗ ತೆರೆಯ ಮೇಲೆ. ಮತ್ತೆ ತಗಡಿನ ಥಿಯೇಟರ್‌ಗೆ ದಿನಾ ರಾತ್ರಿ ಬರೋಕೆ ಅವರಿಗೆ ಬಿಡುವೆಲ್ಲಿ? ಜನಕ್ಕೂ ಅಷ್ಟೇ. ಕೆಲವೇ ಆಣೆಗೆ ಅದೇ ರಾಜ್‌ಕುಮಾರ್ ಮುಖ ಹತ್ತಿರದಿಂದ ಕಾಣುವಾಗ, ಇಡೀ ರಾತ್ರಿ ಕೂತು ಹೊಸಬರ ನಾಟಕ ನೋಡೋ ತಾಳ್ಮೆ ಕಡಿಮೆ ಆಗ್ತಾ ಬಂತು. ವೀರಣ್ಣನವರೇ ಹಾಕಿದ ಗಿಡ, ಅದರ ನೆರಳು ಅವರ ಹೊಲದ ಮೇಲೇ ಬಿತ್ತು.

ಹೋದ ಹುಡುಗರು ಕೃತಘ್ನರೇನಾಗಲಿಲ್ಲ. ಮೊದಮೊದಲು ಕನ್ನಡ ಸಿನಿಮಾಗಳೇ ಕಡಿಮೆ, ಕೈಯಲ್ಲಿ ಕೆಲಸ ಇಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕ ಆಡಿದರು. ಅದೇ ಸಂಘದಿಂದ 1960ರಲ್ಲಿ 'ರಣಧೀರ ಕಂಠೀರವ' ಸಿನಿಮಾ ಬಂತು. ಗುಬ್ಬಿ ಕಂಪನಿಯಲ್ಲಿ ಕಲಿತ ಒಗ್ಗಟ್ಟು ಅವರನ್ನ ಕಾಪಾಡಿತು.

ಕೊನೆಯ ದಿನಗಳು

ವೀರಣ್ಣನವರನ್ನ ನಾಟಕರತ್ನ ಅಂತ ಕರೆದರು. 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಕಂಪನಿಯ ಬಾಳು, ಸೋಲು ಗೆಲುವು ಎಲ್ಲವನ್ನೂ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದರ ಹೆಸರು 'ಕಲೆಯೇ ಕಾಯಕ'.

ಮೊಮ್ಮಗಳು ಬಿ. ಜಯಶ್ರೀ ರಂಗಭೂಮಿಯಲ್ಲೇ ಉಳಿದರು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಸ್ಪಂದನ ತಂಡ ಕಟ್ಟಿ, ರಾಜ್ಯಸಭೆ ಸದಸ್ಯೆಯೂ ಆದರು. 2013ರಲ್ಲಿ ಅವರಿಗೂ ಪದ್ಮಶ್ರೀ ಬಂತು. ತಾತನಿಗೆ ಬಂದ ಗೌರವವೇ 41 ವರ್ಷ ಆದ ಮೇಲೆ ಮೊಮ್ಮಗಳಿಗೂ ಬಂತು.

ವೃತ್ತಿ ರಂಗಭೂಮಿಯಲ್ಲಿ ದುಡಿದವರಿಗೆ ಕರ್ನಾಟಕ ಸರ್ಕಾರ ಕೊಡೋ ದೊಡ್ಡ ಪ್ರಶಸ್ತಿಗೆ ಗುಬ್ಬಿ ವೀರಣ್ಣನವರ ಹೆಸರೇ ಇದೆ. ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಬೆಂಗಳೂರಿನ ಗಾಂಧಿನಗರದ ಗುಬ್ಬಿ ವೀರಣ್ಣ ರಂಗಮಂದಿರದಲ್ಲಿ ಕಂಪನಿ ನಾಟಕ ನೋಡಿ, ಕೊನೇ ಬಸ್ಸು ತಪ್ಪಿಸಿಕೊಂಡು ಮೆಜೆಸ್ಟಿಕ್‌ನಿಂದ ನಡ್ಕೊಂಡು ಬಂದ ಹಿರಿಯರು ಬೆಂಗಳೂರು ದಕ್ಷಿಣದ ಹಳೇ ಬಡಾವಣೆಗಳಲ್ಲಿ ಈಗಲೂ ಸಿಗ್ತಾರೆ.

ಅಂಗಡಿಯವರಿಗೆ, ಅಭಿಮಾನಿಗಳಿಗೆ

ವೀರಣ್ಣನವರ ಬಾಳಿನಲ್ಲಿ ಇವತ್ತಿನ ಮಾಲೀಕರಿಗೂ ಅಭಿಮಾನಿಗಳಿಗೂ ಆಗೋ ಮಾತು ಮೂರ್ನಾಲ್ಕಿವೆ.

ಒಂದು, ಬದಲಾವಣೆ ಮಾಡಿದ ದಿನ ಜನ ಸಿಟ್ಟಾಗೇ ಆಗ್ತಾರೆ. ಸ್ತ್ರೀಪಾರ್ಟಿಗೆ ಹೆಂಗಸರು ಬಂದಾಗಲೂ ಊರು ಆಡಿಕೊಂಡಿತು. ಆದರೆ ಬಂದವರು ಚೆನ್ನಾಗಿ ಆಡಿದರೆ ಅದೇ ಜನ ವನ್ಸ್ ಮೋರ್ ಅಂದರು. ಮೊದಲ ವಾರದ ಕೂಗಾಟ ಕೇಳಿ ತೀರ್ಮಾನ ಬದಲಾಯಿಸಿದ್ದರೆ ಜಯಮ್ಮನಂಥ ನಟಿ ಈ ಸೀಮೆಯ ರಂಗಕ್ಕೆ ಸಿಗೋಕೆ ಇನ್ನಷ್ಟು ವರ್ಷ ಹಿಡೀತಿತ್ತೇನೋ.

ಎರಡು, ಜನರ ಸಿಟ್ಟನ್ನ ಕಡೆಗಣಿಸೋ ಹಾಗೂ ಇಲ್ಲ. ನೆಲದ ಮೇಲೆ ಕೂತು ಟಿಕೆಟ್ ದುಡ್ಡು ಕೊಟ್ಟವನೇ ಕಂಪನಿಯ ಅನ್ನದಾತ. ಅವನು ಕಳ್ಳನ ಪಾರ್ಟನ್ನ ಯಜಮಾನನೇ ಮಾಡಬೇಕು ಅಂದಾಗ ವಯಸ್ಸಾದರೂ ವೀರಣ್ಣ ಬಣ್ಣ ಹಚ್ಚಿದರು. ಯಾವುದನ್ನ ಕೇಳಬೇಕು, ಯಾವುದನ್ನ ತಡ್ಕೋಬೇಕು ಅನ್ನೋದನ್ನ ಅವರು ಕಲಿತದ್ದು ರಂಗದ ಪಕ್ಕದ ಆ ಪರದೆ ಸಂದಿಯಲ್ಲಿ.

ಮೂರು, ಒಳ್ಳೆಯವರು ಹೋಗೇ ಹೋಗ್ತಾರೆ. ಹೋದ ಜಾಗಕ್ಕೆ ನಿಲ್ಲೋ ಹುಡುಗ ಒಳಗೇ ತಯಾರಾಗಿರಬೇಕು. ದಿನಸಿ ಅಂಗಡಿಯಾಗಲಿ, ಗ್ಯಾರೇಜಾಗಲಿ, ಕ್ರಿಕೆಟ್ ತಂಡವಾಗಲಿ, ಕೆಲಸ ಕಲಿಸದೆ ಇಟ್ಟುಕೊಂಡ ಹುಡುಗ ಒಂದು ದಿನವೂ ಅಂಗಡಿ ನೋಡ್ಕೊಳ್ಳಲ್ಲ. ಕಲಿಸಿದ ಹುಡುಗ ಬಿಟ್ಟು ಹೋದರೂ, ಎಲ್ಲೋ ಒಂದು ಕಡೆ ಕಲಿಸಿದವನ ಹೆಸರು ಹೇಳ್ತಾನೆ. ರಾಜ್‌ಕುಮಾರ್ ಕೊನೆವರೆಗೂ ಗುಬ್ಬಿ ಕಂಪನಿಯ ಋಣ ಮರೆಯಲಿಲ್ಲ, ಕಾರಂತರೂ ಮರೆಯಲಿಲ್ಲ.

ಕೊನೆಯದು ಸ್ವಲ್ಪ ಕಹಿ. ಎಷ್ಟೇ ಜಾಣ ಯಜಮಾನನಾದರೂ ಕಾಲ ಬದಲಾದಾಗ ತಂಡ ಬದಲಾಯಿಸಿದರೆ ಸಾಕಾಗಲ್ಲ. ಸಿನಿಮಾ ಬಂದಾಗ ವೀರಣ್ಣ ಸಿನಿಮಾಗೂ ಹೋದರು. ಆದರೂ ಆ ತಗಡಿನ ಥಿಯೇಟರು, ಆ ಬೆಳಗಿನ ಜಾವದ ಮಂಗಳಾರತಿ ಹಾಡು ಹಿಂದಿನಂತೆ ಉಳಿಯಲಿಲ್ಲ.

ಒಂದು ಮಾತ್ರ ಉಳಿದಿದೆ. ಬೆಂಗಳೂರು, ತುಮಕೂರು, ಮಂಡ್ಯ ಸುತ್ತಮುತ್ತ ಈಗಲೂ ಹಬ್ಬ ಜಾತ್ರೆ ಬಂದರೆ ಹಳ್ಳಿ ಜನ ಸೀನರಿ ಬಾಡಿಗೆಗೆ ತಂದು, ಹಾರ್ಮೋನಿಯಂ ಮೇಷ್ಟ್ರನ್ನ ಇಟ್ಟುಕೊಂಡು ಕುರುಕ್ಷೇತ್ರ ಆಡ್ತಾರೆ. ಅಲ್ಲಿ ನಟನಿಗೆ ಸಂಬಳ ಇಲ್ಲ, ನಟನೇ ದುಡ್ಡು ಕೊಟ್ಟು ಪಾರ್ಟು ತಗೋತಾನೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ರೇಟು ಇರುತ್ತೆ. ತಿಂಗಳುಗಟ್ಟಲೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಪ್ರಾಕ್ಟೀಸು. ಹೋದ ವರ್ಷ ಭೀಮ ಮಾಡಿದವನಿಗೆ ಈ ವರ್ಷ ಪಾರ್ಟು ತಪ್ಪಿದರೆ ಜಗಳವೋ ಜಗಳ. ಆ ಜಗಳ ಬಿಡಿಸಿ, ಎಲ್ಲರನ್ನೂ ಒಪ್ಪಿಸಿ, ಹೇಳಿದ ಹೊತ್ತಿಗೆ ಪರದೆ ಎಬ್ಬಿಸೋ ಹಾರ್ಮೋನಿಯಂ ಮೇಷ್ಟ್ರು ಮಾಡೋದು, 1917ರಲ್ಲಿ 26 ವರ್ಷದ ವೀರಣ್ಣ ಹೆಗಲಿಗೆ ಹಾಕಿಕೊಂಡ ಕೆಲಸವನ್ನೇ.